ಹದಿನೇಳನೆಯ ಗುಂಡಿ

ಸಭೆಯಲ್ಲಿ ಬಾಯಿ ಬಿಡಬಾರದು ಎಂಬ ಜ್ಞಾನ ನನಗೆ ಬಹಳ ತಡವಾಗಿ ಬಂತು. ನಮ್ಮ ಬಡಾವಣೆ ಇರುವುದು ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ. ಮುಂದಿನ ಮುಖ್ಯರಸ್ತೆಯಲ್ಲಿ ಹಗಲೆಲ್ಲ ಲಾರಿಗಳು ಓಡಾಡಿ, ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆ ತೆಗೆಯುವ ಹೊತ್ತಿಗೆ ಕಾವಿಯಾಗಿರುತ್ತದೆ. ಅದನ್ನುಟ್ಟ ನಮ್ಮ ಯಜಮಾನರು ಸಂಸಾರ ಬಿಟ್ಟು ಹೊರಟವರಂತೆ ಕಾಣುತ್ತಾರೆ. ತಡೆಯಲಾರದೆ ನಿವಾಸಿಗಳ ಸಂಘದ ಸಭೆಯಲ್ಲಿ ಎದ್ದು ನಿಂತು, "ಈ ಧೂಳಿಗೆ ಏನಾದರೂ ಮಾಡಿ" ಅಂದೆ, ಅಷ್ಟೆ. ಸಂಘದ ಅಧ್ಯಕ್ಷರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಕಾದು ಕೂತಿದ್ದವರ ಹಾಗೆ, "ವೆರಿ ಗುಡ್ ಮೇಡಂ! ರಸ್ತೆಗೆ ಮರ ನೆಡೋ ಕಮಿಟಿಗೆ ನೀವೇ ಕನ್ವೀನರ್" ಅಂದುಬಿಟ್ಟರು. ಚಪ್ಪಾಳೆಯೂ ಬಿತ್ತು. ಮನೆಗೆ ಬಂದು ಹೇಳಿದರೆ ಯಜಮಾನರು, "ಕುಂಡದಲ್ಲಿದ್ದ ಗುಲಾಬಿ ಒಣಗಿ ಎಷ್ಟು ದಿನ ಆಯ್ತು?" ಎಂದು ಕೇಳಿ ಪೇಪರಿನ ಹಿಂದೆ ಅಡಗಿಕೊಂಡರು.

ಮರ ಆರಿಸುವುದು ಮಗಳಿಗೆ ಗಂಡು ಹುಡುಕುವುದಕ್ಕಿಂತ ಕಷ್ಟ. ಮೂರು ಸಭೆ ಸೇರಿದೆವು. ಗುಲ್‌ಮೊಹರ್ ಅಂದರೆ ಗಾಳಿಗೆ ಕೊಂಬೆ ಮುರಿಯುತ್ತದಂತೆ. ಮಳೆಮರದ ಬೇರು ಕಾಂಪೌಂಡನ್ನೇ ಎತ್ತುತ್ತದಂತೆ. ಹೊಂಗೆ ಅಂದದ್ದಕ್ಕೆ ಒಬ್ಬರು, "ಅದು ಹಳ್ಳಿ ಕಡೆ ಮರ, ಡೀಸೆಂಟಾಗಿರಲ್ಲ ಕಣ್ರೀ" ಎಂದು ಮೂಗು ಮುರಿದರು. ಮೂಲೆ ಅಂಗಡಿಯವರ ಬೋರ್ಡು ಮುಚ್ಚಬಾರದು, ಇನ್ನೊಬ್ಬರ ಬಾಗಿಲಿಗೆ ಎದುರಾಗಬಾರದು, ಎಲೆ ಉದುರಬಾರದು, ಹಕ್ಕಿ ಕೂರಬಾರದು. ನನಗೆ ರೇಗಿತು. "ಹಾಗಾದ್ರೆ ನಿಮಗೆ ಬೇಕಾಗಿರೋದು ಲೈಟ್ ಕಂಬ" ಅಂದೆ. "ಅದಿನ್ನೂ ಒಳ್ಳೇದು ಮೇಡಂ" ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ಕೊನೆಗೆ ಹಳದಿ ಹೂವಿನ ಟಬೂಬಿಯಾ ಎಂದಾಯಿತು. ನಲವತ್ತು ಗುಂಡಿ, ನಲವತ್ತು ಸಸಿ, ಒಂದೇ ಜಾತಿ, ಒಂದೇ ಬಣ್ಣ. ಗುಂಡಿ ತೋಡಿಸುವ ಹೊಣೆ ಹೊತ್ತವರು ಮುನಿಯಪ್ಪನವರು. ಬಡಾವಣೆ ಆಗುವ ಮೊದಲು ಇಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ನಾಲ್ಕು ಮನೆ ಬಾಡಿಗೆಗೆ ಬಿಟ್ಟಿದ್ದಾರೆ. "ಊವು ಬಿಟ್ಟಾಗ ಎಂಟು ದಿನ ಚೆಂದ ಕಣಮ್ಮ. ಮಿಕ್ಕಿದ್ ದಿನ ಏನ್ ಮಾಡ್ತದೆ ಇದು?" ಎಂದು ಕೇಳಿದರು.

ಇದೇ ಹೊತ್ತಿಗೆ ದಾವಣಗೆರೆಯಿಂದ ನಮ್ಮ ಅತ್ತೆಯವರು ಬಂದಿದ್ದರು. ದಿನಾ ಇಷ್ಟಲಿಂಗದ ಪೂಜೆ ಮುಗಿಸಿಯೇ ಬಾಯಿಗೆ ನೀರು ಹಾಕುವವರು ಅವರು. ಪೂಜೆಗೆ ಬಿಲ್ವಪತ್ರೆ ಬೇಕು. ಅಲ್ಲಿ ಹಿತ್ತಲಲ್ಲೇ ಮರವಿದೆ. ಇಲ್ಲಿ ಪತ್ರೆ ಬೇಕೆಂದರೆ ಎರಡು ಬಸ್ಸು ಬದಲಿಸಿ ಮಾರ್ಕೆಟ್ಟಿಗೆ ಹೋಗಬೇಕು. ಅತ್ತೆ ಯಾರಿಗೂ ಹೋಗೆಂದು ಹೇಳಲಿಲ್ಲ. ಬಟ್ಟೆಯ ಗಂಟಿನಲ್ಲಿ ತಂದಿದ್ದ ಎಲೆಗಳನ್ನೇ ತೊಳೆದು ಏರಿಸಿ, ಮರುದಿನಕ್ಕೆ ಮತ್ತೆ ಎತ್ತಿಡುತ್ತಿದ್ದರು. ಬಿಲ್ವಕ್ಕೆ ಹಳಸಲು ಎಂಬುದಿಲ್ಲವಂತೆ. ಆದರೆ ಎಲೆಗಳು ಕಪ್ಪಾಗಿ, ಅಂಚು ಹರಿದು, ದಿನಕ್ಕೊಂದರಂತೆ ಪುಡಿಯಾಗುತ್ತಿದ್ದವು. "ಇವು ಮುಗಿಯೋ ತನಕ ಇರ್ತೀನವ್ವಾ. ಆಮ್ಯಾಲೆ ದೊಡ್ಡ ಮಗನ ಮನಿಗೆ ಹೊಂಡ್ತೀನಿ" ಅಂದರು.

ಸೊಸೆಯೊಬ್ಬಳು ಹೀಗೆ ಬರೆದರೆ ಯಾರೂ ನಂಬುವುದಿಲ್ಲ, ಆದರೂ ಬರೆಯುತ್ತೇನೆ: ಅವರು ಹೋಗುವುದು ನನಗೆ ಬೇಡವಾಗಿತ್ತು. ಮದುವೆಯಾಗಿ ಇಷ್ಟು ವರ್ಷ ನಾನು ಏನೇ ಮಾತಾಡಿದರೂ ಎದುರಿಗೆ ಅಲ್ಲಾಡುತ್ತಿದ್ದದ್ದು ಪೇಪರು ಮಾತ್ರ. ಅತ್ತೆ ಬಂದ ಮೇಲೆ ಹನ್ನೊಂದು ಗಂಟೆಯ ಕಾಫಿಗೆ ಎದುರಿಗೆ ಒಬ್ಬರು ಕೂತು, "ಆಮ್ಯಾಲೇನಾತು?" ಎಂದು ಕೇಳುವಂತಾಯಿತು. ಆ ಒಂದು ಪ್ರಶ್ನೆಗಾಗಿ ನಾನು ಇಡೀ ಸಂಘಕ್ಕೆ ದ್ರೋಹ ಬಗೆದೆ. ನರ್ಸರಿಯವರಿಗೆ ಗುಟ್ಟಾಗಿ ಹೇಳಿ, ಮೂವತ್ತೊಂಬತ್ತು ಟಬೂಬಿಯಾಗಳ ನಡುವೆ ಒಂದು ಬಿಲ್ವದ ಸಸಿ ಸೇರಿಸಿ ತರಿಸಿದೆ. ನಮ್ಮ ಗೇಟಿನ ಎದುರಿಗೇ ಬರುವ ಹದಿನೇಳನೆಯ ಗುಂಡಿಗೆ ಅದನ್ನು ನಾನೇ ಕೈಯಾರೆ ನೆಟ್ಟೆ.

ಅತ್ತೆಯನ್ನು ಕರೆದು ತೋರಿಸಿ, "ಕಿತ್ಕೊಳ್ಳಿ ಅತ್ತೆ" ಅಂದೆ, ಹೆಮ್ಮೆಯಿಂದ. ಅವರು ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. "ಮೊಣಕಾಲುದ್ದ ಇಲ್ಲ, ನಾಕು ಎಲಿ ಬಿಟ್ಟೈತಿ. ಎಳೇ ಕೂಸಿನ ಮೈಮ್ಯಾಲಿನ ಅಂಗಿ ಬಿಚ್ಚು ಅಂತೀಯಲ್ಲ! ದೊಡ್ಡದಾಗ್ಲಿ ಸುಮ್ನಿರು." ಅವರನ್ನು ಉಳಿಸಿಕೊಳ್ಳುವ ನನ್ನ ಉಪಾಯ ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಆದರೆ ಮರುದಿನದಿಂದ ಬೆಳಗಾದರೆ ತಂಬಿಗೆ ಹಿಡಿದು ಗಿಡದ ಬುಡದಲ್ಲಿ ಅತ್ತೆ ಹಾಜರು. ಊರಿನ ಮಾತೆತ್ತಿದರೆ "ಇನ್ನೊಂದು ಎಂಟು ದಿನ" ಎನ್ನತೊಡಗಿದರು.

ಎರಡು ತಿಂಗಳಾಗಿರಬೇಕು. ವಾಕಿಂಗ್ ಹೊರಟ ಅಧ್ಯಕ್ಷರು ನಮ್ಮ ಗೇಟು ಬಡಿದು, "ಮೇಡಂ, ಹದಿನೇಳನೇದಕ್ಕೆ ಮುಳ್ಳು ಬಂದಿದ್ಯಲ್ಲ!" ಅಂದರು. "ಅದು ಬೇರೆ ತಳಿ ಸಾರ್" ಎಂದು ರೈಲು ಬಿಟ್ಟೆ. "ಯಾವ ತಳಿಯಾದ್ರೂ ಸರಿ, ಯೂನಿಫಾರ್ಮಿಟಿ ಹಾಳಾಗುತ್ತೆ. ತೆಗೆಸಿಬಿಡೋಣ" ಅಂದವರು ಭಾನುವಾರ ಮುನಿಯಪ್ಪನವರನ್ನೂ ಹಾರೆಯನ್ನೂ ಕರೆದುಕೊಂಡೇ ಬಂದರು. ಅತ್ತೆ ತಂಬಿಗೆ ಹಿಡಿದು ಗೇಟಿನಲ್ಲಿ ನಿಂತುಬಿಟ್ಟರು. ಸಭೆ ಸಭೆಯಲ್ಲೂ ಬಾಯಿ ಬಿಡುವ ನಾನು ಆವತ್ತು ಅವರ ಬೆನ್ನ ಹಿಂದೆ ಅಡಗಿಕೊಂಡೆ. ಮುನಿಯಪ್ಪನವರು ಬಗ್ಗಿ ಒಂದು ಎಲೆಯನ್ನು ಬೆರಳಲ್ಲಿ ಸವರಿದರು, ಎದ್ದು ನಿಂತರು. "ಬಿಲ್ಪತ್ರೆ ಗಿಡ ಸಾ. ನಾನ್ ಕೀಳಾಕಿಲ್ಲ. ತಕಳಿ, ನೀವೇ ಕೀಳಿ" ಎಂದು ಹಾರೆಯನ್ನು ಮುಂದೆ ಚಾಚಿದರು. ಅಧ್ಯಕ್ಷರು ಹಾರೆಯನ್ನು ನೋಡಿದರು, ಗಿಡವನ್ನು ನೋಡಿದರು, ಆಮೇಲೆ ಮೆಲ್ಲಗೆ ಬಗ್ಗಿ ಬೂಟು ಬಿಚ್ಚಿ ಕೈಮುಗಿದರು. "ಮೊದ್ಲೇ ಹೇಳ್ಬಾರ್ದಾ ಮೇಡಂ? ಪಾಪ ಸುತ್ಕೊಳ್ತಿತ್ತಲ್ಲ ನನಗೆ!" ಎಂದು ನನ್ನನ್ನೇ ಬೈದರು.

ಗಿಡ ಉಳಿಯಿತು ಎಂದು ನಾನು ಹಿಗ್ಗಿದ್ದು ಒಂದೇ ದಿನ. ಮರುದಿನ ಸೋಮವಾರ. ನಮ್ಮ ಬಡಾವಣೆಯಲ್ಲಿ ಇಷ್ಟೊಂದು ಶಿವಭಕ್ತರಿದ್ದಾರೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಆರು ಗಂಟೆಗೆ ಹೋಗಿ ನೋಡಿದರೆ ಗಿಡದ ಸುತ್ತ ಕಟ್ಟಿದ್ದ ಬೇಲಿಗೆ ಕುಂಕುಮವಿತ್ತು, ಗಿಡದಲ್ಲಿ ಎಲೆ ಇರಲಿಲ್ಲ. ಒಂದು ಕಡ್ಡಿ ನಿಂತಿತ್ತು. ಒಳಗೆ ಅತ್ತೆಯ ಗಂಟಿನಲ್ಲೂ ಕೊನೆಯ ಎಲೆ ಪುಡಿಯಾಗಿತ್ತು. ಇನ್ನೇನು, ಟ್ರಂಕು ಕೆಳಗಿಳಿಯುತ್ತದೆ ಎಂದು ನಾನು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡೆ. ಅತ್ತೆ ಇಳಿಸಿದ್ದು ಟ್ರಂಕನ್ನಲ್ಲ. ಬೆತ್ತದ ಕುರ್ಚಿಯನ್ನು ಮೂರು ಮೆಟ್ಟಿಲಿಳಿಸಿ, ಎಳೆದುಕೊಂಡು ಹೋಗಿ ಗಿಡದ ಪಕ್ಕ ಹಾಕಿಕೊಂಡು ಕೂತರು. "ಬೇರು ಗಟ್ಟಿ ಐತಿ, ಚಿಗುರ್ತೈತಿ. ಯಾರೂ ಮುಟ್ಟಬ್ಯಾಡ್ರಿ" ಎಂದು ದಾರಿಗೆಲ್ಲ ಕೇಳುವಂತೆ ಹೇಳಿದರು. "ಪೂಜೆ ಅತ್ತೆ?" ಅಂದೆ. "ಇದರ ಬುಡಕ್ಕ ನೀರು ಹಾಕಿದ್ನಲ್ಲ, ಅದ ಪೂಜಿ. ಕಾಫಿ ತಾ."

ಅಂದಿನಿಂದ ಅವರಿಗೆ ಬಿಡುವೆಂಬುದಿಲ್ಲ. ಪಾಳಿ ಮುಗಿಸಿ ಬರುವ ಗಾರ್ಮೆಂಟ್ಸ್ ಹೆಂಗಸರು, ಮುನಿಯಪ್ಪನವರು, ಕೊನೆಗೆ ಅಧ್ಯಕ್ಷರು ಕೂಡ ಕುರ್ಚಿಯ ಪಕ್ಕ ನಿಂತು ಕಷ್ಟ ಸುಖ ಹೇಳಿಕೊಳ್ಳುತ್ತಾರೆ. ನಾನು ಕಾಫಿ ಲೋಟ ಹಿಡಿದು ನನ್ನ ಸರದಿಗೆ ಕಾಯುತ್ತೇನೆ.

ಮೊನ್ನೆ ದಾವಣಗೆರೆಯಿಂದ ನಮ್ಮ ಭಾವನವರ ಫೋನು. ಮನೆಗೆ ಫೋನು ಬಂದು ಆರು ತಿಂಗಳಾದರೂ ಅತ್ತೆ ಅದರಲ್ಲಿ ಊರಿಗೇ ಕೇಳುವಂತೆ ಕೂಗುತ್ತಾರೆ. ಯಾವಾಗ ಬರ್ತೀಯ, ಸೊಸೆಗೆ ಹುಷಾರಿಲ್ಲವೇನು ಎಂದು ಕೇಳಿರಬೇಕು. ನಾನು ಮಿಕ್ಸಿ ನಿಲ್ಲಿಸಿ ಕಿವಿ ಕೊಟ್ಟೆ. "ಸೊಸಿಗೇನಾಗೈತಿ, ಆಕಿ ಗಟ್ಟಿ ಅದಾಳ. ಗಿಡ ಸಣ್ಣದು ನೋಡಪ್ಪಾ. ಅದು ಆಳೆತ್ತರ ಆದ ಮರುದಿನಾನ ಬಸ್ ಹತ್ತತೀನಿ."

ಈ ವಾರ ಸಭೆಯಲ್ಲಿ ಅಧ್ಯಕ್ಷರು ನನ್ನನ್ನು ಹೊಗಳಿ, "ಮೂವತ್ತೊಂಬತ್ತೂ ಚೆನ್ನಾಗಿ ಬಂದಿವೆ. ಹದಿನೇಳು ಮಾತ್ರ ಯಾಕೋ ಏಳ್ತಾನೇ ಇಲ್ಲ, ಸ್ವಲ್ಪ ಗೊಬ್ಬರ ಹಾಕಿ ಮೇಡಂ" ಎಂದು ಒಂದು ಚೀಲ ಗೊಬ್ಬರ ಕೊಡಿಸಿದರು. "ಇವತ್ತೇ ಹಾಕ್ತೀನಿ ಸಾರ್" ಅಂದೆ. ಚೀಲ ಅಟ್ಟದ ಮೇಲಿದೆ, ಹಳೇ ಹಾಸಿಗೆಯ ಹಿಂದೆ, ಅತ್ತೆಯ ಕಣ್ಣಿಗೆ ಬೀಳದ ಜಾಗದಲ್ಲಿ.