ಮಳೆ ಪೀಪಾಯಿಯ ಬಜೆಟ್ಟು ಮತ್ತು ನನ್ನ ಮೀಸೆ

ಸಿಟ್ಟು ಬಂದರೆ ನನಗೆ ಲೆಕ್ಕ ಮಾಡಬೇಕೆನಿಸುತ್ತದೆ. ಬೇರೆ ಗಂಡಸರು ತಟ್ಟೆ ಎಸೆಯುತ್ತಾರೆ, ನಾನು ಪೆನ್ಸಿಲ್ ಚೂಪು ಮಾಡುತ್ತೇನೆ. ನಮ್ಮೂರು ಟೊಕ್ಮೊಕ್ಕಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಭೌತಶಾಸ್ತ್ರ ಕಲಿಸಿದ್ದರ ಫಲ ಇದು. (ತಟ್ಟೆ ಎಸೆದಿದ್ದರೆ ಎಷ್ಟೋ ಅಗ್ಗವಾಗುತ್ತಿತ್ತು ಎಂಬುದು ನನ್ನ ಹೆಂಡತಿ ಬುರುಲ್‌ಳ ಅಭಿಪ್ರಾಯ.)

ಈ ಸಲದ ಸಿಟ್ಟಿಗೆ ಕಾರಣಪುರುಷರು ಪಕ್ಕದ ಮನೆಯ ಕಾಪಾರ್ ಬಾಯ್ಕೆ. ಬಾಯ್ಕೆ ಎಂದರೆ ಅಣ್ಣ. ನನಗಿಂತ ಹನ್ನೊಂದು ವರ್ಷ ದೊಡ್ಡವರು, ಇಡೀ ಬೀದಿಗೇ ಹಿರಿಯರು. ಅವರ ಮೇಲೆ ಹಲ್ಲು ಕಡಿಯುವಾಗಲೂ ಬಾಯ್ಕೆ ಎಂದೇ ಕಡಿಯಬೇಕು. ಬೆಟ್ಟದಿಂದ ಇಳಿದು ಬರುವ ಬೀದಿ ಕಾಲುವೆ ಮೊದಲು ಅವರ ಮನೆ ಮುಂದೆ ಹರಿಯುತ್ತದೆ, ಆಮೇಲೆ ನಮ್ಮ ಮನೆ ಮುಂದೆ. ಮಂಗಳವಾರ ಬೆಳಗ್ಗೆ ಆರರಿಂದ ಎಂಟು ನಮ್ಮ ಸರದಿ. ಮೇ ತಿಂಗಳಲ್ಲಿ ಮೂರು ಮಂಗಳವಾರ ನಾನು ಗುದ್ದಲಿ ಹಿಡಿದು ಕಾಲುವೆಯ ಬಾಯಲ್ಲಿ ನಿಂತೆ. ಬಂದದ್ದು ಒಂದು ಹಳೆಯ ಚಪ್ಪಲಿ ಮತ್ತು ಹಿಡಿಯಷ್ಟು ಸೂರ್ಯಕಾಂತಿ ಬೀಜದ ಸಿಪ್ಪೆ. ಮೇಲೆ ಹೋಗಿ ನೋಡಿದರೆ ಬಾಯ್ಕೆ ಕಾಲುವೆಗೆ ತಗಡು ಅಡ್ಡ ಇಟ್ಟು, ನೀರನ್ನೆಲ್ಲ ತಮ್ಮ ಆಲೂಗಡ್ಡೆ ಸಾಲಿಗೆ ತಿರುಗಿಸಿಕೊಂಡು, ಸ್ಟೂಲಿನ ಮೇಲೆ ಕುಳಿತು ಬೀಜ ತಿನ್ನುತ್ತಿದ್ದರು.

"ಏನ್ ಮೇಷ್ಟ್ರೇ, ನೀರು ಇಳಿಜಾರಿಗೆ ಹರಿಯುತ್ತೆ ಅಂತ ಮಕ್ಕಳಿಗೆ ಹೇಳ್ಕೊಡೋರು ನೀವೇ ತಾನೆ? ಬರುತ್ತೆ, ಕಾಯಿರಿ," ಎಂದರು.

ಅತ್ತ ನನ್ನ ಅರವತ್ತು ಟೊಮೇಟೊ ಗಿಡಗಳು ತಲೆ ಬಾಗಿಸಿ ನಿಂತಿದ್ದವು. ಫೆಬ್ರವರಿಯಿಂದ ಕಿಟಕಿಯಲ್ಲಿ, ಮೊಸರಿನ ಡಬ್ಬಿಗಳಲ್ಲಿ, ಮಕ್ಕಳಿಗಿಂತ ಜೋಪಾನವಾಗಿ ಸಾಕಿದ ಗಿಡಗಳು. ನನ್ನ ತಲೆ ಕೆಟ್ಟಿತು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದಾರೆಂದು ಗೊತ್ತಿದ್ದೂ ಹೇಳಿಬಿಟ್ಟೆ: "ಕೇಳಿ ಬಾಯ್ಕೆ. ನಿಮ್ಮ ಕಡೆಯಿಂದ ಬರೋ ನೀರಿನ ಒಂದು ಹನಿ ಈ ವರ್ಷ ನನ್ನ ಟೊಮೇಟೊಗೆ ತಾಗಿದ್ರೆ, ಈ ಮೀಸೆ ಬೋಳಿಸ್ಕೋತೀನಿ."

ನನ್ನ ಮೀಸೆ ಸಾಮಾನ್ಯದ್ದಲ್ಲ. ಮದುವೆಯ ಫೋಟೋದಲ್ಲಿ ಬುರುಲ್‌ಗಿಂತ ಮೊದಲು ಕಣ್ಣಿಗೆ ಬೀಳುವುದು ಅದೇ.

ಮನೆಗೆ ಬಂದವನೇ ಪೆನ್ಸಿಲ್ ಚೂಪು ಮಾಡಿದೆ. ಕಾಲುವೆ ಕಾಪಾರ್‌ರದ್ದಾದರೆ ಆಕಾಶ ಯಾರಪ್ಪನದು? ಕ್ಯಾಲೆಂಡರಿನ ಹಿಂಬದಿಯಲ್ಲಿ ಬಜೆಟ್ ಮಂಡಿಸಿದೆ. ಇನ್ನೂರು ಲೀಟರಿನ ನೀಲಿ ಪೀಪಾಯಿ, 2200 ಸೋಮ್. ಸೂರಿನ ಅಂಚಿಗೆ ತಗಡಿನ ದೋಣಿ, 1800. ದೋಣಿಯಿಂದ ಪೀಪಾಯಿಗೆ ನೀರು ಇಳಿಸುವ ಬಾಗಿದ ಕೊಳವೆ, 450. ನಲ್ಲಿ, 250. ನೀರಿನ ಮಟ್ಟ ಹೊರಗಿನಿಂದಲೇ ಕಾಣಲು ಪಾರದರ್ಶಕ ನಳಿಕೆ, 100. ಇತರೆ, 200. ಒಟ್ಟು ಐದು ಸಾವಿರ, ಒಂದು ಸೋಮ್ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾವ ಅರ್ಥಮಂತ್ರಿಗೂ ಇಷ್ಟು ಚೊಕ್ಕಟವಾದ ಬಜೆಟ್ ಸಾಧ್ಯವಿಲ್ಲವೆಂದು ಹೆಮ್ಮೆಯಿಂದ ಬುರುಲ್ ಮುಂದೆ ಹಿಡಿದೆ.

ಅವಳು ಎರಡು ಸಲ ಓದಿದಳು. "ಇದರಲ್ಲಿ ಕುರಿ ಎಲ್ಲಿ?"

"ಪೀಪಾಯಿಗೆ ಕುರಿ ಯಾಕೆ?"

"ನುರಿಯ ಅಪ್ಪ, ನೀವು ಈ ಊರಲ್ಲೇ ಹುಟ್ಟಿದ್ದಾ?" ಎಂದು ಕೇಳಿ ಹಿಟ್ಟು ನಾದಲು ಹೋದಳು. (ನುರಿ ನಮ್ಮ ಮಗಳು. ನನಗೆ ಹೆಸರಿದೆ, ಶಾರ್ಶೆನ್ ಎಂದು. ಹೆಂಡತಿಯ ಬಾಯಲ್ಲಿ ಅದನ್ನು ನಾನು ಈವರೆಗೆ ಕೇಳಿಲ್ಲ.)

ಪೀಪಾಯಿ ಬಂತು, ದೋಣಿ ಏರಿತು. ಶಾಲೆಯ ಪ್ರಯೋಗಾಲಯದ ಸಾಮಾನಿಗೆ ಬರೆಯುವಂತೆ ಒಂದೊಂದು ಭಾಗದ ಮೇಲೂ ಕೆಂಪು ಬಣ್ಣದಲ್ಲಿ 'ಶಾ' ಎಂದು ಬರೆದೆ. ಮೂರನೆಯ ದಿನವೇ ಇಪ್ಪತ್ತು ನಿಮಿಷ ಮಳೆ ಸುರಿದು ಪೀಪಾಯಿ ತುಂಬಿತು. ನಾನು ನೆನೆಯುತ್ತಲೇ ನಿಂತು ನಳಿಕೆಯಲ್ಲಿ ನೀರು ಏರುವುದನ್ನು ನೋಡಿದೆ. ನುರಿ ಹುಟ್ಟಿದ ದಿನವೂ ಇಷ್ಟು ಸಂತೋಷಪಟ್ಟಿರಲಿಲ್ಲವೆಂದು ಬುರುಲ್ ಇಂದಿಗೂ ಚುಚ್ಚುತ್ತಾಳೆ.

ಆಮೇಲೆ ಶುರುವಾಯಿತು. ನಮ್ಮಲ್ಲಿ ಹೊಸ ವಸ್ತು ಕೊಂಡರೆ 'ತೊಳೆಯಬೇಕು'. ಎಂದರೆ ನೀರಿನಿಂದಲ್ಲ, ಊಟದಿಂದ. ಕಾರಿಗೆ ತೊಳೆಯುತ್ತಾರೆ, ಟಿವಿಗೆ ತೊಳೆಯುತ್ತಾರೆ, ಸರಿ. ಆದರೆ ಪೀಪಾಯಿಗೆ? ಬೇಲಿಯಾಚೆಯಿಂದ ಇಣುಕಿದವರೆಲ್ಲ, ಒಳ್ಳೇದಾಗಲಿ ಮೇಷ್ಟ್ರೇ, ಯಾವತ್ತು ತೊಳೆಯೋಣ ಎಂದು ಕೇಳಿದರು. ಹೆಡ್ಮಾಸ್ಟರು ಕೇಳಿದರು. ಪೀಪಾಯಿ ಮಾರಿದವನೂ ಕೇಳಿದ. ನಾನು ಒಂದು ವಾರ ಕುದಿದೆ, ಕಡೆಗೆ ಹದಿನಾಲ್ಕು ಸಾವಿರ ಸೋಮ್ ಕೊಟ್ಟು ಕುರಿ ತಂದೆ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಬೀದಿಯ ಹದಿನಾಲ್ಕು ಮನೆಯವರನ್ನು ಕರೆಯೋಣ, ಕಾಪಾರ್‌ರನ್ನು ಬಿಡೋಣ ಎಂದೆ. ಬುರುಲ್ ಲಟ್ಟಣಿಗೆ ಕೆಳಗಿಟ್ಟಳು.

"ನೆರೆಯವರನ್ನ ಬಿಟ್ಟು ಊಟ ಹಾಕಿದ್ರೆ ನಾಳೆ ನನ್ನ ಹೆಣ ಎತ್ತೋಕೂ ಯಾರೂ ಬರಲ್ಲ. ಅಷ್ಟಕ್ಕೂ ದೊಡ್ಡ ಸಮೋವಾರ್ ಇರೋದು ಕಾಲಿಚಾ ಎಜೆ ಹತ್ರ."

ಕಾಲಿಚಾ ಕಾಪಾರ್‌ರ ಹೆಂಡತಿ, ಬುರುಲ್‌ಗೆ ಎಜೆ, ಎಂದರೆ ಅಕ್ಕ. ಸಮೋವಾರಿನೊಂದಿಗೆ, ಎಂದರೆ ಒಡಲಲ್ಲಿ ಸೌದೆ ಉರಿಸಿ ಚಹಾಕ್ಕೆ ನೀರು ಕಾಯಿಸುವ ಹಂಡೆಯೊಂದಿಗೆ, ಗಂಡನೂ ಬಂದರು. ಬಂದವರು ಕೋಣೆಯಲ್ಲಿ ಬಾಗಿಲಿಗೆದುರಿನ ಗೌರವದ ಜಾಗದಲ್ಲಿ ಕುಳಿತರು, ಏಕೆಂದರೆ ಹಿರಿಯರು. ಬೆಂದ ಕುರಿಯ ತಲೆ ಯಾರ ಮುಂದೆ ಇಡಬೇಕು? ಹಿರಿಯರ ಮುಂದೆ. ಯಾರ ಮೇಲಿನ ಸಿಟ್ಟಿಗೆ ಪೀಪಾಯಿ ತಂದೆನೋ, ಆ ಪೀಪಾಯಿಗಾಗಿ ಕಡಿದ ಕುರಿಯ ತಲೆಯನ್ನು, ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಬಾಗಿ, ಅವರಿಗೇ ಅರ್ಪಿಸಿದೆ. ಅವರು ಕಿವಿ ಕೊಯ್ದು ಮಕ್ಕಳಿಗೆ ಕೊಟ್ಟರು, ಮಿಕ್ಕದ್ದನ್ನು ನಿಧಾನವಾಗಿ ಚಪ್ಪರಿಸಿದರು. ಕೊನೆಗೆ ಅಂಗೈಗಳನ್ನು ಎತ್ತಿ ಹರಸಿದರು: "ಈ ಮನೆ ಪೀಪಾಯಿ ಯಾವತ್ತೂ ಬತ್ತದೆ ಇರಲಿ."

ಹರಸಿದ ಮೇಲೆ ಮಾಡುವ ಪದ್ಧತಿಯಂತೆ ಎಲ್ಲರೂ ಅಂಗೈಗಳಿಂದ ಮುಖ ಸವರಿಕೊಂಡರು. ನಾನೂ ಸವರಿಕೊಂಡೆ, ಒಳಗೊಳಗೇ ಬೈಯುತ್ತ. ಅಂಗಳದಲ್ಲಿ ಸಮೋವಾರಿನ ಹೊಗೆ ಕಣ್ಣಿಗೆ ಬರುತ್ತಿದೆಯೆಂದು ಹೆಂಗಸರು ಗೊಣಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಗೊಣಗಾಟ ನಿಂತಿತು. ಪೀಪಾಯಿಯ ನೀರೆಲ್ಲ ಐವತ್ತು ಜನರ ತಟ್ಟೆ ತೊಳೆಯಲು ಖರ್ಚಾಯಿತು.

ಆದರೆ ಜೂನ್ ನನ್ನದಾಗಿತ್ತು. ಬೇಸಿಗೆ ರಜೆಯಲ್ಲೂ ಮೇಷ್ಟ್ರುಗಳು ಶಾಲೆಗೆ ಹೋಗಿ ಗೋಡೆಗೆ ಬಣ್ಣ ಹೊಡೆಯಬೇಕು. ಬೆಳಗ್ಗೆ ಏಳಕ್ಕೆ ಹೋಗಿ ಮಧ್ಯಾಹ್ನ ಬಂದು ನೋಡಿದರೆ ನಳಿಕೆಯಲ್ಲಿ ನೀರು ಕುತ್ತಿಗೆ ಮಟ್ಟ! ಎಂಬತ್ತು ಚದರ ಮೀಟರ್ ಸೂರು, ಮೂರು ಮಿಲಿಮೀಟರ್ ಮಳೆ ಬಿದ್ದರೂ ಪೀಪಾಯಿ ತುಂಬಿ ಹೊರಚೆಲ್ಲಬೇಕು. ನಾನಿಲ್ಲದಾಗ ತುಂತುರು ಬಂದಿರಬೇಕು ಎಂದುಕೊಂಡೆ. ಜುಲೈ ಪೂರ್ತಿ ಮೋಡವೇ ಕಾಣದಿದ್ದಾಗ ಇಬ್ಬನಿ ಸಿದ್ಧಾಂತವನ್ನು ಕಂಡುಹಿಡಿದೆ: ತಗಡಿನ ಸೂರು ರಾತ್ರಿ ತಣಿಯುತ್ತದೆ, ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ, ಇತ್ಯಾದಿ. ಬಣ್ಣ ಹೊಡೆಯುತ್ತಲೇ ಸಹೋದ್ಯೋಗಿಗಳಿಗೆ ಉಪನ್ಯಾಸ ಮಾಡಿದೆ. ಬೀದಿಯಲ್ಲಿ ಮಾಡಿದೆ. ಎಲ್ಲರೂ ತಲೆದೂಗುತ್ತ ಕೇಳಿದರು, ಯಾರೊಬ್ಬರೂ ಎದುರು ಮಾತಾಡಲಿಲ್ಲ. ಪೀಪಾಯಿ ಇದ್ದ ಮೂಲೆಗೆ ದ್ರಾಕ್ಷಿ ಬಳ್ಳಿ ಹಬ್ಬಿ ಅದರ ಮೇಲ್ಭಾಗ ಮುಚ್ಚಿಹೋಗಿತ್ತು. ನಳಿಕೆ ಕಾಣುತ್ತಿತ್ತು, ವಿಜ್ಞಾನಿಗೆ ಅಷ್ಟು ಸಾಕು.

ಆಗಸ್ಟಿನಲ್ಲಿ ಟೊಮೇಟೊ ಮುಷ್ಟಿಗಾತ್ರಕ್ಕೆ ಬೆಳೆದು ಹಣ್ಣಾದವು. ಹೊಟ್ಟೆ ಉರಿಸಲೆಂದೇ ಒಂದು ಬಕೆಟ್ ತುಂಬಿಕೊಂಡು ಕಾಪಾರ್‌ರ ಮನೆಗೆ ಹೋದೆ. ಆಕಾಶದ ನೀರಿಗೆ ಬೆಳೆದದ್ದು, ತಿಂದು ನೋಡಿ ಎಂದು ಮುಂದಿಟ್ಟೆ. ಬಾಯ್ಕೆ ಒಂದು ಹಣ್ಣು ಕಚ್ಚಿದರು. ರಸ ಗಡ್ಡಕ್ಕೆ ಇಳಿಯಿತು. ತುಂಬಾ ಸಿಹಿ ಎಂದರು, ಯಾವ ಉರಿಯೂ ಇಲ್ಲದೆ. ಕಾಲಿಚಾ ಚಹಾ ಬಗ್ಗಿಸಲು ಎದ್ದರು. ನಾನು ಅತ್ತ ತಿರುಗಿದೆ.

ಅಂಗಳದ ನಡುವೆ ಸಮೋವಾರ್ ಉರಿಯುತ್ತಿತ್ತು. ಅದರ ನೆತ್ತಿಯ ಮೇಲೆ ಬಾಗಿದ ತಗಡಿನ ಕೊಳವೆ. ಹೊಗೆ ಸೊಗಸಾಗಿ ಬೇಲಿಯಾಚೆಗೆ, ನಮ್ಮ ಮನೆ ಕಡೆಗೆ ಹೋಗುತ್ತಿತ್ತು. ಕೊಳವೆಯ ಮೇಲೆ ಕೆಂಪು ಬಣ್ಣದಲ್ಲಿ 'ಶಾ'.

"ಇದು ನನ್ನ ಕೊಳವೆ," ಎಂದೆ.

"ಹೌದು," ಎಂದರು ಕಾಲಿಚಾ. "ಊಟದ ದಿನ ಹೊಗೆ ತಡೀಲಾರದೆ ಬುರುಲ್ ಕಿತ್ತುಕೊಟ್ಟಳು. ಎಷ್ಟು ಸರಿಯಾಗಿ ಕೂತಿತು ನೋಡಿ, ಹಾಗೇ ಉಳೀತು."

ಊಟದ ದಿನ. ಎಂದರೆ ಮೇ ಕೊನೆಯಿಂದ ನನ್ನ ಸೂರಿಗೂ ನನ್ನ ಪೀಪಾಯಿಗೂ ಯಾವ ಸಂಬಂಧವೂ ಇರಲಿಲ್ಲ. ಹಾಗಾದರೆ ಪೀಪಾಯಿ ತುಂಬಿದ್ದು ಹೇಗೆ ಎಂದು ಕೇಳಿದೆ. ಕಾಲಿಚಾ ಚಹಾ ಬಟ್ಟಲನ್ನೇ ನೋಡಿದರು. ಮೂಲೆಯಲ್ಲಿ ಸುರುಳಿ ಸುತ್ತಿದ ರಬ್ಬರ್ ಪೈಪೂ ಒಂದು ಸಣ್ಣ ಪಂಪೂ ಇದ್ದವು, ಪೈಪಿನ ತುದಿ ಬೇಲಿಯ ತೂತಿನಲ್ಲಿ ನಮ್ಮ ಕಡೆಗೆ ಮುಖ ಮಾಡಿತ್ತು.

"ಇಬ್ಬನಿ, ಮೇಷ್ಟ್ರೇ," ಎಂದರು ಬಾಯ್ಕೆ, ಇನ್ನೊಂದು ಹಣ್ಣು ಆರಿಸುತ್ತ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ನಿಮ್ಮ ಮನೆ ಉಪ್ಪು ತಿಂದೆ, ಕುರಿ ತಲೆ ತಿಂದೆ, ಪೀಪಾಯಿ ಬತ್ತಬಾರದು ಅಂತ ಕೈಯೆತ್ತಿ ಹರಸಿದೆ. ಆಮೇಲೂ ಬತ್ತೋಕೆ ಬಿಟ್ರೆ ನಾನೆಂಥಾ ಹಿರಿಯ? ಕಾಲುವೆಯಲ್ಲಿ ಬಿಟ್ಟಿದ್ರೆ ನೀವು ಮುಟ್ತಿರಲಿಲ್ಲ."

ಅವರ ನೀರು, ಅವರ ಪಂಪು, ಅವರ ಕರೆಂಟು. ನಾನು ಬಕೆಟ್ಟನ್ನೂ ಮರೆತು ಮನೆಗೆ ನಡೆದೆ. ಬಾಗಿಲುಗಳಲ್ಲಿ ಬೀದಿಯವರೆಲ್ಲ ಇದ್ದರು, ಮೇ ತಿಂಗಳಿನಂತೆಯೇ. ಇಬ್ಬನಿ ಉಪನ್ಯಾಸಕ್ಕೆ ಇವರು ಯಾಕೆ ಅಷ್ಟು ಶ್ರದ್ಧೆಯಿಂದ ತಲೆದೂಗಿದರೆಂದು ಈಗ ಗೊತ್ತಾಯಿತು. ಇಡೀ ಬೀದಿಗೆ ಗೊತ್ತಿತ್ತು, ನನ್ನೊಬ್ಬನ ಹೊರತು.

ಬುರುಲ್ ಮೇಲೆ ಕೂಗಾಡಿದೆ. ಎರಡೂವರೆ ತಿಂಗಳು ನನ್ನನ್ನು ಕೋತಿ ಮಾಡಿದೆಯಲ್ಲ ಎಂದೆ. ಕೊಳವೆಯನ್ನಾದರೂ ವಾಪಸು ತಂದು ಹಾಕಬಾರದಿತ್ತೆ ಎಂದೆ.

"ಮಳೆ ಎಲ್ಲಿ ಬಂತು, ಹಾಕೋಕೆ?" ಎಂದಳು, ಟೊಮೇಟೊ ಹೆಚ್ಚುತ್ತಲೇ. "ನಿಮಗೆ ಮೀಸೆ ಉಳೀಬೇಕಿತ್ತು, ನನಗೆ ಚಳಿಗಾಲಕ್ಕೆ ನಲವತ್ತು ಬಾಟಲಿ ಟೊಮೇಟೊ ಬೇಕಿತ್ತು. ನೀವು ಕೇಳ್ದೇ ಇದ್ದಿದ್ರೆ ಎರಡೂ ಉಳೀತಿತ್ತು."

ನಾನು ಕ್ಯಾಲೆಂಡರ್ ತೆಗೆದು ಬಜೆಟ್ ನೋಡಿದೆ. 'ಒಟ್ಟು ಐದು ಸಾವಿರ' ಎಂಬುದರ ಕೆಳಗೆ ಅವಳ ಅಕ್ಷರದಲ್ಲಿ 'ಕುರಿ, ಹದಿನಾಲ್ಕು ಸಾವಿರ' ಎಂದಿತ್ತು. ತಾರೀಖು ನೋಡಿದರೆ ನಾನು ಕುರಿ ಕೊಳ್ಳುವುದಕ್ಕೂ ಒಂದು ವಾರ ಹಿಂದಿನದು. ಇಡೀ ಪಟ್ಟಿಯಲ್ಲಿ ಕೆಲಸಕ್ಕೆ ಬಂದ ಖರ್ಚು ಅದೊಂದೇ.

ಆದರೂ ಮಾತು ಮಾತೇ. ಬೀದಿಯ ಮುಂದೆ ಆಡಿದ್ದು. ಕನ್ನಡಿಯ ಮುಂದೆ ನಿಂತು ಕತ್ತಿ ಎಲ್ಲಿ ಎಂದು ಕೂಗಿದೆ. ಬುರುಲ್ ಕತ್ತಿ, ಸೋಪು, ಬಟ್ಟಲಲ್ಲಿ ಬಿಸಿನೀರು ಎಲ್ಲವನ್ನೂ ಮೊದಲೇ ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು.

ನಾನು ನೀರಿಗೆ ಕೈ ಅದ್ದಿದವನು ತಲೆಯೆತ್ತಿ ಅವಳನ್ನು ನೋಡಿದೆ.

"ಪೀಪಾಯಿದೇ," ಎಂದಳು. "ಇವತ್ತು ಬೆಳಗ್ಗೆ ತುಂಬಿಸಿದ್ದು."