ಮೆಂತ್ಯದ ಡಬ್ಬಿ, ಗಡಿ ಕಲ್ಲು

ವಸಂತನ ಗ್ರಹಚಾರ ಕೆಟ್ಟಿದ್ದು ಒಂದು ಖಾಲಿ ಮೆಂತ್ಯದ ಡಬ್ಬಿಯಿಂದ.

ವಿಮಾನಪುರದ ಕಡೆಯ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಅವನು ಗುಮಾಸ್ತ. ಮ್ಯಾನೇಜರ್ ಲತೀಫ್ ಸಾಹೇಬರಿಗೆ ದುಬೈಯಲ್ಲಿದ್ದ ಅವರ ತಮ್ಮನೊಬ್ಬ ಹಳದಿ ಬಣ್ಣದ ಜಿಪಿಎಸ್ ಯಂತ್ರ ಕಳಿಸಿದ್ದೇ ತಡ, ಆಫೀಸಿಗೆಲ್ಲ ಜಿಯೋಕ್ಯಾಶಿಂಗ್ ಹುಚ್ಚು ಹಿಡಿಯಿತು. ಆಟ ಇಷ್ಟೇ. ಒಬ್ಬ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಕೊಡಬೇಕು. ಉಳಿದವರು ಯಂತ್ರ ಹಿಡಿದು ಹುಡುಕಬೇಕು. ಬಚ್ಚಿಡುವ ಕೆಲಸ ವಸಂತನ ತಲೆಗೆ ಬಂತು.

"ಹೊರಮಾವು ಕಡೆ ಇಡ್ರೀ," ಅಂದರು ಸಾಹೇಬರು, ಯಂತ್ರ ಕೈಗಿಡುತ್ತಾ. "ಅಲ್ಲೇ ನನ್ನದೊಂದು ಸೈಟಿದೆ. ಈ ಭಾನುವಾರ ಬಿಟ್ಟು ಮುಂದಿನ್ ಭಾನುವಾರ ಹುಡುಕಾಟ ಮುಗಿಸಿ ಅಲ್ಲೇ ಕೂತು ಬಿರಿಯಾನಿ ತಿನ್ನೋಣ."

ಯುಗಾದಿ ಕಳೆದು, ಸಂಜೆಯಾದರೆ ಮಳೆ ಹುಯ್ಯುತ್ತಿದ್ದ ಕಾಲ. ತಯಾರಿಯಲ್ಲಿ ವಸಂತ ಏನೂ ಕಮ್ಮಿ ಮಾಡಲಿಲ್ಲ. ಸ್ಟೋರ್ಸ್‌ನಿಂದ ಗಮ್‌ಬೂಟು, ಖಾಕಿ ರೇನ್‌ಕೋಟು ತಂದ. ನೀರು ನುಗ್ಗದ ಬಿಗಿ ಮುಚ್ಚಳ ಬೇಕಲ್ಲ, ಅಟ್ಟದಿಂದ ಮೆಂತ್ಯದ ಡಬ್ಬಿ ಇಳಿಸಿ ಅದರಲ್ಲಿ ನೋಟ್‌ಬುಕ್ಕು, ಪೆನ್ನು ಹಾಕಿದ. ಶನಿವಾರ ಹೊರಮಾವಿನ ಕೆಸರಲ್ಲಿ ಅಲೆಯುವಾಗ ಒಂದು ಕಲ್ಲು ಸಡಿಲವಾದ ಹಲ್ಲಿನ ಹಾಗೆ ಅಲ್ಲಾಡುವುದು ಕಂಡಿತು. ಕಿತ್ತರೆ ಗುಳಿ ರೆಡಿ! ಡಬ್ಬಿ ಹೂತು, ಕಲ್ಲನ್ನು ಎರಡಡಿ ಆಚೆ ನೆಟ್ಟು, ಜೀವನ್ ಬಿಮಾ ನಗರದ ಮನೆಗೆ ಬಂದು ಹಾಯಾಗಿ ಮಲಗಿದ.

ಭಾನುವಾರ ಬೆಳಿಗ್ಗೆ ಹೆಂಡತಿ ಸುಕನ್ಯ ಕೇಳಿದಳು, "ರೀ, ಅಟ್ಟದ ಮೇಲಿದ್ದ ಮೆಂತ್ಯದ ಡಬ್ಬಿ ಎಲ್ಲಿ?"

"ಖಾಲಿ ಇತ್ತಲ್ಲೇ?"

"ಖಾಲಿ ಡಬ್ಬಿಗೆ ಯಾರಾದ್ರೂ ತಳದಲ್ಲಿ ಪೇಪರ್ ಹಾಸ್ತಾರೇನ್ರೀ? ಅದರಡಿ ನಮ್ಮಮ್ಮನ ಕೆಂಪಿನ ಓಲೆ ಇದೆ. ಸಂಜೆ ತಂಗಿ ಸೀಮಂತಕ್ಕೆ ಹಾಕ್ಕೋಬೇಕು."

ಆ ಓಲೆ ಹೋದರೆ ಸುಕನ್ಯ ತವರಿಗೆ ಹೋಗುವುದಿಲ್ಲ, ಇಲ್ಲೇ ಇರುತ್ತಾಳೆ, ಅದೇ ಭಯ. "ಆಫೀಸಲ್ಲಿದೆ, ತಂದ್ಬಿಟ್ಟೆ," ಎಂದು ಬೂಟು, ಕೋಟು ಏರಿಸಿ ಸ್ಕೂಟರ್ ಒದ್ದ.

ಯಂತ್ರ ತೋರಿಸಿದ ದಾರಿಯಲ್ಲೇ ಹೋದ. ಜಾಗ ತಲುಪುವುದಕ್ಕೂ ಬ್ಯಾಟರಿ ಸಾಯುವುದಕ್ಕೂ ಸರಿಹೋಯಿತು. ನೋಡಿದರೆ ಕಲ್ಲಿನ ಸುತ್ತ ಜನವೋ ಜನ. ಒಂದು ಕಡೆ ಹಾರೆ ಹಿಡಿದ ಬೈಲಪ್ಪ, ಇನ್ನೊಂದು ಕಡೆ ಸೆರಗು ಬಿಗಿದ ಅವನ ತಮ್ಮನ ಹೆಂಡತಿ ಜಟ್ಟೆಮ್ಮ.

"ರಾತ್ರೋರಾತ್ರಿ ಗಡಿ ಕಲ್ಲು ನನ್ನ ಜಮೀನೊಳಕ್ಕೆ ತಳ್ಳಿದೀಯಲ್ಲೋ ಭಾವಯ್ಯ, ನಿನ್ನ ಹೊಟ್ಟೆ ತುಂಬ್ಲಿಲ್ವಾ?"

"ಮುಟ್ಟಿದ್ರೆ ನನ್ ಕೈ ಸೇದೋಗ್ಲಿ! ಕಿತ್ತೋನ್ಯಾರು ಅಂತ ಗೊತ್ತಾಗ್ಲಿ, ಈ ಹಾರೇಲೇ ಕಾಲು ಮುರೀತೀನಿ!"

ಅಷ್ಟರಲ್ಲಿ ಯಾರೋ ಖಾಕಿ ಕೋಟು, ಯಂತ್ರ ನೋಡಿ ಕೂಗಿದರು, "ಸರ್ವೇ ಸಾಹೇಬ್ರು ಬಂದ್ರು!"

ಅಲ್ಲ ಅನ್ನಲು ಬಾಯಿ ತೆರೆದ ವಸಂತ ಹಾರೆಯ ಕಡೆ ನೋಡಿ, "ಹೌದು," ಅಂದ. "ಕಲ್ಲಿನ ಪಕ್ಕ ಅಗೀರಿ."

ಎರಡೇ ಏಟಿಗೆ ಡಬ್ಬಿ ಬಂತು. "ಮಾಟ! ಮಾಟ ಮಾಡ್ಸವ್ಳೆ!" ಎಂದು ಬೈಲಪ್ಪ ಹಿಂದಕ್ಕೆ ಹಾರಿದ.

"ಮುಟ್ಬೇಡಿ! ಅದು ಸರ್ಕಾರದ ಡಬ್ಬಿ. ಅಳತೆ ಗುರುತಿಗೆ ಹೂತಿರ್ತೀವಿ."

ಜಟ್ಟೆಮ್ಮ ಮೂಗರಳಿಸಿದಳು. "ಸರ್ಕಾರದ ಡಬ್ಬೀಲಿ ಮೆಂತ್ಯದ ವಾಸ್ನೆ ಯಾಕ್ ಬತ್ತದೆ ಸ್ವಾಮಿ?"

"ಗೆದ್ಲು ಹಿಡೀಬಾರ್ದಲ್ಲಮ್ಮ."

ಜನಕ್ಕೆ ಬೆನ್ನು ಹಾಕಿ ಪೇಪರ್ ಎತ್ತಿದ. ಓಲೆ ಎರಡೂ ಇದ್ದವು! ಹೋದ ಜೀವ ಬಂದಂತಾಯಿತು. ಹಲಸೂರು ಸೋಮೇಶ್ವರನಿಗೆ ಮನಸ್ಸಿನಲ್ಲೇ ಒಂದು ತೆಂಗಿನಕಾಯಿ ಹೇಳಿಕೊಂಡ.

ಆದರೆ ಕಲ್ಲು ನೆಡದೆ ಬಿಡುವವರಾರು? ಇಲ್ಲಿ ನೆಟ್ಟರೆ ಬೈಲಪ್ಪ ಒಪ್ಪ, ಅಲ್ಲಿ ನೆಟ್ಟರೆ ಜಟ್ಟೆಮ್ಮ ಒಪ್ಪಳು. ಗೆದ್ದ ಖುಷಿಯಲ್ಲಿದ್ದ ವಸಂತನಿಗೆ ಮೂರನೆಯ ಮಗ್ಗುಲಿನ ಖಾಲಿ ಜಾಗ ಕಂಡಿತು. "ಅದು ಯಾರದ್ದು?"

"ಯಾರ್ದೋ ಸೈಟು ಸ್ವಾಮಿ. ಬರೋರೂ ಇಲ್ಲ, ಹೋಗೋರೂ ಇಲ್ಲ."

ಸತ್ತ ಯಂತ್ರವನ್ನು ಆಕಾಶಕ್ಕೆ ಹಿಡಿದ. "ಉಪಗ್ರಹ ಅತ್ತ ಕಡೇನೇ ತೋರಿಸ್ತಿದೆ. ಮೂರಡಿ ಒಳಗೆ ನೆಡಿ."

ಇಬ್ಬರಿಗೂ ಜಾಗ ಹೆಚ್ಚಿತು. ಬೈಲಪ್ಪ ಕೈಮುಗಿದ, ಜಟ್ಟೆಮ್ಮ ಸ್ಕೂಟರಿಗೆ ಹಲಸಿನಹಣ್ಣು ಕಟ್ಟಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಮರ್ಯಾದೆ ವಸಂತನಿಗೆ ಸಿಕ್ಕಿರಲಿಲ್ಲ.

ಸಂಜೆ ಸುಕನ್ಯ ಓಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದಳು. ಸದ್ಯ, ಬದುಕಿದೆ ಎಂದು ವಸಂತ ಹಲಸಿನ ತೊಳೆ ಬಾಯಿಗಿಟ್ಟ. ಫೋನು ಬಡಿದುಕೊಂಡಿತು. ಲತೀಫ್ ಸಾಹೇಬರು.

"ಮಳೆ ನೀರು ನಿಂತಿದ್ಯಾ ಅಂತ ನನ್ ಸೈಟ್ ನೋಡೋಕ್ ಬಂದಿದ್ದೆ ಕಣ್ರೀ. ಯಾವನೋ ಸರ್ವೇಯರ್ ಮೂರಡಿ ಒಳಗೆ ಕಲ್ಲು ನೆಡಿಸಿ ಹೋಗಿದಾನೆ! ಗಮ್‌ಬೂಟಂತೆ, ಕೈಲಿ ನಮ್ ಥರಾನೇ ಹಳದಿ ಮಿಷನ್ ಅಂತೆ."

ವಸಂತ ಬಾಯಲ್ಲಿದ್ದ ತೊಳೆ ಕೈಗೆ ತೆಗೆದುಕೊಂಡ. "ಹೌ... ಹೌದಾ ಸಾರ್?"

"ಡಬ್ಬಿ ಹುಡುಕೋದು ಕ್ಯಾನ್ಸಲ್. ಮುಂದಿನ್ ಭಾನುವಾರ ಎಲ್ರೂ ಸೇರಿ ಆ ಸರ್ವೇಯರ್‌ನ ಹುಡುಕೋಣ. ಕಂಡ್ರೆ ಗುರುತು ಹಿಡೀತೀನಿ ಅಂತ ಪಕ್ಕದ ಜಮೀನಿನ ಬೈಲಪ್ಪ ಜೊತೆಗ್ ಬರ್ತಾನೆ. ನೀವು ಮಾತ್ರ ತಪ್ಪಿಸ್ಬೇಡಿ ವಸಂತ್, ಮಿಷನ್ ನಿಮ್ಮತ್ರಾನೇ ಇದೆ!"