ಆಯುಧಪೂಜೆಯ ಮರುದಿನ ಸರ್ವರ್ ಮುನಿದದ್ದು

ಕೆಟ್ಟ ಯಂತ್ರದ ಮುಂದೆ ಕೂತವನಿಗೆ ಮೊದಲು ಸಂಶಯ ಬರುವುದು ಯಂತ್ರದ ಮೇಲೆ, ಆಮೇಲೆ ಕರೆಂಟಿನ ಮೇಲೆ, ಆಮೇಲೆ ಗ್ರಹಗತಿಯ ಮೇಲೆ. ತನ್ನ ಮೇಲೆ ಬರುವುದು ತೀರ ಕೊನೆಗೆ, ಅದೂ ಬೇರೆ ಯಾರಾದರೂ ಹೇಳಿದರೆ. ನಾನು ಟೈಪಿಂಗ್ ಕಲಿಸುತ್ತಿದ್ದವನು. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಕಡಿಯಾಳಿಯ ಒಂದು ಚಿಕ್ಕ ಆಫೀಸಿಗೆ ಸೇರಿದೆ. ಊರಿನ ಅಂಗಡಿ, ಉದ್ಯಮಗಳಿಗೆ ವೆಬ್‌ಸೈಟ್ ಮಾಡಿ, ನಮ್ಮಲ್ಲೇ ಇಟ್ಟು ನೋಡಿಕೊಳ್ಳುವ ಕೆಲಸ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವನು ನಾನು. ಹಾಗಾಗಿ ಸರ್ವರಿನ ಜವಾಬ್ದಾರಿಯೂ ನನ್ನದೇ ಆಯಿತು. ಅರ್ಹತೆ ಅಷ್ಟೇ.

ಸರ್ವರ್ ಎಂದರೆ ಎರಡು ಕಂಪ್ಯೂಟರು. ಒಳಗಿನದರಲ್ಲಿ ಗಿರಾಕಿಗಳ ಪುಟಗಳು. ಎದುರಿನದಕ್ಕೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು. ಅದು ಕ್ಲಿನಿಕ್ಕಿನ ಕಂಪೌಂಡರನ ಹಾಗೆ. ಹೊರಗಿನವರು ಏನು ಕೇಳಿದರೂ ಒಳಗೆ ಹೋಗಿ ಡಾಕ್ಟರ ಹತ್ತಿರ ವಿಚಾರಿಸಿ ಬಂದು ತಾನೇ ಹೇಳುತ್ತದೆ. ಅದಕ್ಕೆ ಡಾಕ್ಟರ ಕೋಣೆಯ ನಂಬರು ಮಾತ್ರ ಗೊತ್ತಿರಬೇಕು. ಆ ನಂಬರನ್ನು ನಾನೇ ಅದರ ಫೈಲಿನಲ್ಲಿ ಬರೆದು ಕೊಟ್ಟಿದ್ದೆ.

ಆಯುಧಪೂಜೆಯ ದಿನ ಎಲ್ಲವನ್ನೂ ಆಫ್ ಮಾಡಿ, ಒರೆಸಿ, ಉದ್ದದ ಮೇಜಿನ ಮೇಲೆ ಸಾಲಾಗಿ ಇಟ್ಟು, ಸೇವಂತಿಗೆ ಮುಡಿಸಿ ಕುಂಕುಮ ಹಚ್ಚಿದೆವು. ಪೂಜೆ ಮುಗಿದ ಮೇಲೆ ಮೊದಲು ಚಾಲೂ ಮಾಡಬೇಕಾದ್ದು ಲೆಕ್ಕದ ಕಂಪ್ಯೂಟರು, ಲಕ್ಷ್ಮಿ ಇರುವುದು ಅದರಲ್ಲೇ ಅಲ್ವಾ, ಎಂದು ನಾನೇ ಹಿರಿಯನಾಗಿ ಅಪ್ಪಣೆ ಕೊಡಿಸಿದೆ. ಎಲ್ಲರೂ ಒಪ್ಪಿದರು. ಆಮೇಲೆ ಸರ್ವರಿನ ಎರಡನ್ನೂ ಎಬ್ಬಿಸಿ, ಪಂಚಕಜ್ಜಾಯ ತಿಂದು ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಕಾರ್ಕಳದ ಶೀನ ಆಚಾರ್ರು ಮೆಟ್ಟಿಲ ಮೇಲೆ ಕೂತಿದ್ದರು. ಕಲ್ಲಿನ ಕಂಬ, ದೀಪ, ತುಳಸಿಕಟ್ಟೆ ಕೆತ್ತುವವರು. ಅವರ ಕೆಲಸದ ಫೋಟೋಗಳೆಲ್ಲ ನಮ್ಮ ಸರ್ವರಿನಲ್ಲಿ. ಮಸ್ಕತ್‌ನಲ್ಲಿರುವ ಒಬ್ಬರು ಕಾಪುವಿನಲ್ಲಿ ಮನೆ ಕಟ್ಟಿಸುತ್ತಿದ್ದರು. ಚಾವಡಿಗೆ ಆಚಾರ್ರ ಕಂಬ ಹಾಕುವ ಮನಸ್ಸು ಅವರಿಗೆ.

"ಪುಟ ತೆರೆಯುವುದಿಲ್ಲ ಅಂತ ಅವರ ಫೋನು ಬಂತು ಸಾರ್. ಮಧ್ಯಾಹ್ನದ ಒಳಗೆ ನೋಡದಿದ್ರೆ ಕಂಟ್ರಾಕ್ಟರು ಸಿಮೆಂಟಿನ ಕಂಬ ಎಬ್ಬಿಸ್ತಾನಂತೆ. ನನಗೆ ಮಳೆಗಾಲ ಇಡೀ ಒಂದು ದೊಡ್ಡ ಕೆಲಸ ಬರಲಿಲ್ಲ."

"ಈಗ ಮಾಡಿ ಕೊಡ್ತೇನೆ, ಕೂತುಕೊಳ್ಳಿ" ಎಂದೆ. ಈ 'ಈಗ' ಎನ್ನುವ ಶಬ್ದಕ್ಕೆ ನಮ್ಮ ಕಸುಬಿನಲ್ಲಿ ಅರ್ಥವಿಲ್ಲ.

ಪರದೆಯ ಮೇಲೆ 'ಬ್ಯಾಡ್ ಗೇಟ್‌ವೇ' ಎಂದು ಬರುತ್ತಿತ್ತು. ಒಳಗಿನಿಂದ ಉತ್ತರವಿಲ್ಲ ಎಂದು ಕಂಪೌಂಡರ್ ಹೇಳುತ್ತಿದ್ದಾನೆ. ಡಾಕ್ಟರೋ, ನೋಡಿದರೆ ಆರೋಗ್ಯವಾಗಿ ಕೂತಿದ್ದಾರೆ. ಒಳಗಿನ ಕಂಪ್ಯೂಟರಿನ ಎದುರು ಕೂತು ನೋಡಿದರೆ ಆಚಾರ್ರ ಪುಟ ಚಂದಕ್ಕೆ ತೆರೆಯುತ್ತದೆ. ಹಾಗಾದರೆ ತಪ್ಪು ಎದುರಿನದರದ್ದೇ ಎಂದು ತೀರ್ಮಾನಿಸಿ ಅದರ ಫೈಲು ಬಿಚ್ಚಿದೆ. ಒಂದು ಸಾಲು ಅಳಿಸಿದೆ, ಇನ್ನೊಂದು ಸೇರಿಸಿದೆ. ಅಷ್ಟಕ್ಕೆ ಅದು ಏಳುವುದನ್ನೇ ಬಿಟ್ಟಿತು. ಎಲ್ಲೋ ಒಂದು ಅರ್ಧವಿರಾಮ ಬಿಟ್ಟುಹೋಗಿತ್ತು. ಹುಡುಕಿ ಹಾಕಿ, ಮೊದಲು ಕೆಟ್ಟು ನಿಂತಲ್ಲಿಗೇ ವಾಪಸು ತಂದು ನಿಲ್ಲಿಸುವಷ್ಟರಲ್ಲಿ ಹತ್ತೂವರೆ.

"ಆಯ್ತಾ ಸಾರ್?"

"ಆಗ್ತಾ ಉಂಟು."

"ಆಗ್ತಾ ಉಂಟಾ, ಆಗ್ತದಾ?"

ನನ್ನ ಹೆಂಡತಿಯೂ ಗ್ಯಾಸ್ ಬುಕ್ ಮಾಡಿದ್ದೀರಾ ಎಂದು ಇದೇ ಧಾಟಿಯಲ್ಲಿ ಕೇಳುತ್ತಾಳೆ.

ಅಷ್ಟರಲ್ಲಿ ಲೆಕ್ಕ ಬರೆಯುವ ಸುನಂದಾ ತನ್ನ ಮೇಜಿನಿಂದ ಹೇಳಿದಳು: "ಸಾರ್, ನಿಮ್ಮದು ಮುಗಿದ ಮೇಲೆ ನನ್ನದನ್ನೂ ಸ್ವಲ್ಪ ನೋಡಿ. ಬೆಳಿಗ್ಗೆಯಿಂದ ಯಾರೋ ಒಳಗೆ ಬರ್ತಾರಂತೆ, ಬಿಡ್ತೀರಾ ಅಂತ ಪರದೆಯಲ್ಲಿ ಕೇಳ್ತಾ ಉಂಟು."

"ನೀನು ಎಂತ ಮಾಡಿದಿ?"

"ಎಂತ ಮಾಡುವುದು? ಇಲ್ಲ ಅಂತ ಒತ್ತಿದೆ. ಮತ್ತೆ ಕೇಳ್ತದೆ, ಮತ್ತೆ ಒತ್ತಿದೆ. ಗುರುತು ಪರಿಚಯ ಇಲ್ಲದವರನ್ನು ಲೆಕ್ಕದ ಹತ್ತಿರ ಬಿಡುವುದುಂಟಾ?"

ನಾನು ಎದ್ದು ಹೋಗಿ ಆ ಕಂಪ್ಯೂಟರಿನ ನಂಬರು ನೋಡಿದೆ. ಡಾಕ್ಟರ ಕೋಣೆಯ ನಂಬರು ಅಲ್ಲಿತ್ತು. ನಮ್ಮ ಆಫೀಸಿನಲ್ಲಿ ನಂಬರು ಹಂಚುವುದು ರೌಟರು ಎಂಬ ಪೆಟ್ಟಿಗೆ, ಮೊದಲು ಎದ್ದವರಿಗೆ ಮೊದಲನೆಯದು. ಎದುರಿನ ಕಂಪ್ಯೂಟರಿಗೆ ನಾನು ನಂಬರು ಖಾಯಂ ಮಾಡಿದ್ದೆ. ಒಳಗಿನದಕ್ಕೆ ಮಾಡಿರಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಅದನ್ನೇ ಮೊದಲು ಎಬ್ಬಿಸುತ್ತಿದ್ದುದರಿಂದ ಇಷ್ಟು ಕಾಲ ನಡೆದುಹೋಗಿತ್ತು. ಈ ಸಲ ಮೊದಲು ಎದ್ದದ್ದು ಲಕ್ಷ್ಮಿ. ಊರಿನ ಗಿರಾಕಿಗಳೂ ಮಸ್ಕತ್ತಿನವರೂ ಬೆಳಗ್ಗಿನಿಂದ ಸುನಂದಾಳ ಬಾಗಿಲು ತಟ್ಟುತ್ತಿದ್ದರು. ಅವಳು ಒಬ್ಬರನ್ನೂ ಬಿಟ್ಟಿರಲಿಲ್ಲ.

ಒಳಗಿನದಕ್ಕೆ ಒಂದು ಖಾಯಂ ನಂಬರು ಕೊಟ್ಟು, ಎದುರಿನದರ ಫೈಲಿನಲ್ಲಿ ಅದನ್ನೇ ಬರೆದೆ. ಪುಟ ತೆರೆಯಿತು. ಆಚಾರ್ರು ಮಸ್ಕತ್ತಿಗೆ ಫೋನು ಮಾಡಿ, ಕಿವಿಗೆ ಒತ್ತಿ ಹಿಡಿದು, ತುಳುವಿನಲ್ಲಿ ಮಾತಾಡುತ್ತಾ ಹೊರಗೆ ಹೋದರು. ನಾವಿಬ್ಬರೂ ಕೆಲಸ ಮಾಡುವವರ ಹಾಗೆ ಕೂತೆವು. ಒಳಗೆ ಬಂದವರ ಮುಖ ನೋಡಿದಾಗಲೇ ಗೊತ್ತಾಯಿತು. "ಚಾವಡಿಗೆ ನಾಲ್ಕು ಕಂಬ. ಎದುರಿಗೆ ಎರಡು ದೀಪವೂ ಬೇಕಂತೆ."

ಸಂತೋಷದಲ್ಲಿ ನಾನು ಅವರನ್ನು ಕೂರಿಸಿ ರಿವರ್ಸ್ ಪ್ರಾಕ್ಸಿಯನ್ನು ಮೊದಲಿನಿಂದ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. ಆಮೇಲೆ ಸುನಂದಾಳ ಕಡೆ ತಿರುಗಿ, "ಅಕ್ಕಾ, ನಿಮಗೊಂದು ಕಲ್ಲಿನ ದೀಪ ಮಾಡಿ ತರ್ತೇನೆ" ಎಂದರು.

"ನನಗೆ?" ಎಂದೆ ತಮಾಷೆಗೆ.

ಅವರು ನನ್ನನ್ನೂ ಕಂಪ್ಯೂಟರನ್ನೂ ಸ್ವಲ್ಪ ಹೊತ್ತು ನೋಡಿದರು. "ನಿಮಗೆ ಕೂತುಕೊಳ್ಳಲಿಕ್ಕೆ ಒಂದು ಚಪ್ಪಟೆ ಕಲ್ಲು ತರ್ತೇನೆ ಸಾರ್. ನಿಮ್ಮ ಕೆಲಸದಲ್ಲಿ ಕೂತುಕೊಳ್ಳುವುದೇ ಹೆಚ್ಚು ಅಲ್ವಾ."

ಮಾತಿಗೆ ತಪ್ಪಲಿಲ್ಲ, ದೀಪಾವಳಿಗೆ ತಂದರು. ನುಣ್ಣಗೆ ತಿಕ್ಕಿದ ಒಳ್ಳೆಯ ಕಲ್ಲು. ಮನೆಗೆ ಒಯ್ದೆ. ನಾನು ಒಂದು ದಿನವೂ ಅದರ ಮೇಲೆ ಕೂರಲಿಲ್ಲ. ಹೆಂಡತಿ ಬಾವಿಕಟ್ಟೆಯ ಹತ್ತಿರ ಹಾಕಿಸಿಕೊಂಡು ದಿನಾ ಬಟ್ಟೆ ಒಗೆಯುತ್ತಾಳೆ. ನಿಮ್ಮ ಕಂಪ್ಯೂಟರ್ ಕೆಲಸದಿಂದ ಮನೆಗೆ ಆದ ಉಪಕಾರ ಎಂತ ಎಂದು ನೆಂಟರು ಕೇಳಿದರೆ, ಅವಳು ಆ ಕಲ್ಲನ್ನು ತೋರಿಸುತ್ತಾಳೆ.